ಎತ್ತಿನ ಹಲ್ಲು ಹಿಡಿದು ನೋಡುವ ನಾಡಿನಲ್ಲಿ ಗ್ರಂಥಾಲಯದ ಪುಸ್ತಕ ನೋಡುವವರಿಲ್ಲವೇ?

ಮುಡುಕುತೊರೆ ಜಾತ್ರೆಯಲ್ಲಿ ಕಣ್ಣು ಮುಚ್ಚಿಕೊಂಡು ಎತ್ತು ಕೊಳ್ಳುವ ರೈತ ಇನ್ನೂ ಹುಟ್ಟಿಲ್ಲ. ಹಲ್ಲು ಹಿಡಿದು ವಯಸ್ಸು ನೋಡುತ್ತಾನೆ. ಸುಳಿ ನೋಡುತ್ತಾನೆ. ಗೊರಸು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ತನ್ನ ಹೊಲಕ್ಕೆ, ತನ್ನ ಗಾಡಿಗೆ, ಮನೆಯಲ್ಲಿರುವ ಇನ್ನೊಂದು ಎತ್ತಿಗೆ ಇದು ಜೋಡಿಯಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾನೆ. ದುಡ್ಡು ಕೈಬಿಡುವುದು ಆಮೇಲೆ.

ಅದೇ ರೈತನ ಕಂದಾಯದ ದುಡ್ಡಿನಲ್ಲಿ, ಅದೇ ರೈತನ ಮಗಳು ಓದಬೇಕಾದ ಪುಸ್ತಕವನ್ನು ಸರ್ಕಾರ ಕೊಳ್ಳುತ್ತದೆ. ಆಗ ಹಲ್ಲು ಹಿಡಿದು ನೋಡುವವರು ಯಾರು? ಆ ಪುಸ್ತಕ ಆ ಊರಿಗೆ ಜೋಡಿಯಾಗುತ್ತದೆಯೇ ಎಂದು ಕೇಳುವವರು ಯಾರು? ಬೆಂಗಳೂರಿನಲ್ಲಿ ಕಟ್ಟಿದ ಗಂಟು ಬರುತ್ತದೆ, ಕಪಾಟಿಗೆ ಸೇರುತ್ತದೆ, ದಾಖಲೆ ಪುಸ್ತಕದಲ್ಲಿ ನಂಬರು ಬೀಳುತ್ತದೆ. ಕೆಲಸ ಮುಗಿಯಿತು!

ಗೆಳೆಯರೇ, ಬೋರ್ಡಿನ ಮೇಲೆ ಕನ್ನಡ ಇದೆಯೇ ಎಂದು ಬೀದಿ ಬೀದಿ ಅಲೆದಿದ್ದೇವೆ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಎಲ್ಲಿ ಎಂದು ಕೌಂಟರ್ ಮುಂದೆ ನಿಂತಿದ್ದೇವೆ. ಸರಿ. ಆದರೆ ಕನ್ನಡ ಉಳಿಯುವುದು ಬೋರ್ಡಿನಲ್ಲಷ್ಟೇ ಅಲ್ಲ, ಕಪಾಟಿನಲ್ಲಿ. ಆ ಕಪಾಟಿನ ಬಗ್ಗೆ ಇಂದು ಸ್ವಲ್ಪ ಜಗಳ ಮಾಡೋಣ.

ಕರ ನಮ್ಮದು, ಕಪಾಟು ಯಾರದು?

ಮೊದಲು ದುಡ್ಡಿನ ಮಾತು. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಎಂಬ ಒಂದು ಬಾಬತ್ತು ಇರುತ್ತದೆ. ಪಕ್ಕದಲ್ಲೇ ಭಿಕ್ಷುಕರ ಕರವೂ ಇರುತ್ತದೆ! 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಬರುವ ಈ ಕರ ಇಂದು ತೆರಿಗೆಯ ನೂರಕ್ಕೆ 6ರಷ್ಟು. ಹತ್ತು ಸಾವಿರ ತೆರಿಗೆ ಕಟ್ಟಿದರೆ ಆರುನೂರು ರೂಪಾಯಿ ಗ್ರಂಥಾಲಯಕ್ಕೆಂದೇ ಕಟ್ಟಿದಂತೆ. ಬಾಡಿಗೆ ಮನೆಯಲ್ಲಿರುವವರು ನಮಗೇನು ಎನ್ನಬೇಡಿ, ನಿಮ್ಮ ಬಾಡಿಗೆಯೊಳಗೆ ಅದೂ ಸೇರಿಕೊಂಡಿದೆ. ಹಳ್ಳಿಯಲ್ಲಿ ಪಂಚಾಯಿತಿ ಕಂದಾಯ ಕಟ್ಟುವ ನಿಮ್ಮ ಅಜ್ಜನೂ ಗ್ರಂಥಾಲಯ ಕರ ಕಟ್ಟುತ್ತಾನೆ.

ಹೀಗೆ ನಮ್ಮಿಂದ ಕಿತ್ತುಕೊಂಡ ದುಡ್ಡು ಎಲ್ಲಿಗೆ ಹೋಯಿತು? ಬಿಬಿಎಂಪಿ ಇದ್ದ ಕಾಲದಲ್ಲಿ ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರವನ್ನು ಪೂರ್ತಿ ಇಲಾಖೆಗೆ ದಾಟಿಸದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಕಥೆ ವರ್ಷವರ್ಷವೂ ಪತ್ರಿಕೆಗಳಲ್ಲಿ ಬಂತು. ಪುಸ್ತಕದ ದುಡ್ಡನ್ನು ಇಟ್ಟುಕೊಂಡವರಿಗೆ ನಾಚಿಕೆಯೂ ಆಗಲಿಲ್ಲ, ಶಿಕ್ಷೆಯೂ ಆಗಲಿಲ್ಲ.

ಇನ್ನು ಬಂದ ದುಡ್ಡಿನಲ್ಲಿ ಏನು ಕೊಳ್ಳುತ್ತಾರೆ? ಪುಸ್ತಕ ಆಯ್ಕೆ ಸಮಿತಿ ಇದೆ. ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸಮಿತಿಯ ಮುಂದೆ ಬರುವುದು ಪ್ರಕಾಶಕರು ಕಳಿಸಿದ ಪುಸ್ತಕಗಳ ರಾಶಿ. ಬಂದ ರಾಶಿಯಲ್ಲಿ ಆರಿಸುತ್ತಾರೆ. ಟಿ. ನರಸೀಪುರಕ್ಕೆ ಏನು ಬೇಕು, ನಂಜನಗೂಡಿಗೆ ಏನು ಬೇಕು, ಯಾದಗಿರಿಗೆ ಏನು ಬೇಕು ಎಂಬ ಪಟ್ಟಿ ಹಿಡಿದುಕೊಂಡು ಪುಸ್ತಕ ಹುಡುಕಲು ಹೊರಡುವುದಿಲ್ಲ. ಇದು ಅಂಗಡಿಗೆ ಹೋಗಿ ಅಕ್ಕಿ ಕೊಳ್ಳುವ ರೀತಿಯಲ್ಲ. ಬಾಗಿಲಿಗೆ ಬಂದ ಗಾಡಿಯಲ್ಲಿ ಇದ್ದದ್ದನ್ನು ಇಳಿಸಿಕೊಳ್ಳುವ ರೀತಿ.

ಅದರ ಮೇಲೆ ಪುಟದ ಲೆಕ್ಕ. ಪುಟಕ್ಕೆ ಇಷ್ಟು ಪೈಸೆ ಎಂದು ದರ ಕಟ್ಟುವ ಪದ್ಧತಿ. ಪುಸ್ತಕವನ್ನು ತಕ್ಕಡಿಯಲ್ಲಿ ತೂಗಿದರೆ ಏನಾಗುತ್ತದೆ? ದಪ್ಪ ಪುಸ್ತಕ ಗೆಲ್ಲುತ್ತದೆ, ಒಳ್ಳೆಯ ಪುಸ್ತಕ ಸೋಲುತ್ತದೆ. ಇಪ್ಪತ್ತೇ ಪುಟದ, ಆದರೆ ಕಲಾವಿದನೊಬ್ಬ ತಿಂಗಳುಗಟ್ಟಲೆ ಕೂತು ಚಿತ್ರ ಬರೆದ ಮಕ್ಕಳ ಪುಸ್ತಕ ಹಿಂದೆ ಬೀಳುತ್ತದೆ. ಹಳೆಯ ಕಥೆಗಳನ್ನು ಕತ್ತರಿಸಿ ಅಂಟಿಸಿ ಹಿಗ್ಗಿಸಿದ ಗ್ರಂಥ ಮುಂದೆ ಬರುತ್ತದೆ. ಓದುಗನ ಕೈಗೆ ಹೋಗಲು ಅಲ್ಲ, ಗ್ರಂಥಾಲಯಕ್ಕೆ ಮಾರಲೆಂದೇ ಅಚ್ಚಾಗುವ ಪುಸ್ತಕಗಳಿವೆ ಎಂಬುದು ಪ್ರಕಾಶನ ಲೋಕದಲ್ಲಿ ಯಾರಿಗೂ ಗುಟ್ಟಲ್ಲ. ಇತ್ತ ಮರ್ಯಾದೆಯಿಂದ ಪುಸ್ತಕ ಮಾಡುವ ಸಣ್ಣ ಪ್ರಕಾಶಕ ತನ್ನ ಬಿಲ್ಲಿಗಾಗಿ ಇಲಾಖೆಯ ಮೆಟ್ಟಿಲು ಸವೆಸುತ್ತಾನೆ.

ಹಿಂದಿಗೆ ನೀತಿ ಇದೆ, ಕನ್ನಡಕ್ಕೆ?

ಗ್ರಂಥಾಲಯಕ್ಕೆ ಬರವಣಿಗೆಯ ನೀತಿ ಯಾಕೆ ಬೇಕು, ಅದೆಲ್ಲ ಅಮೆರಿಕದವರ ಶೋಕಿ ಎನ್ನುವ ಮಹಾಶಯರಿದ್ದಾರೆ. ಅವರು ದೆಹಲಿಯ ಕಡೆ ಸ್ವಲ್ಪ ತಲೆ ತಿರುಗಿಸಲಿ.

ಕೇಂದ್ರ ಗೃಹ ಸಚಿವಾಲಯದ ರಾಜಭಾಷಾ ಇಲಾಖೆ ಪ್ರತಿವರ್ಷ ಒಂದು ವಾರ್ಷಿಕ ಕಾರ್ಯಕ್ರಮ ಹೊರಡಿಸುತ್ತದೆ. ಕೇಂದ್ರ ಸರ್ಕಾರಿ ಕಚೇರಿಗಳ ಗ್ರಂಥಾಲಯಗಳು ನಿಯತಕಾಲಿಕೆ ಮತ್ತು ಪರಾಮರ್ಶನ ಗ್ರಂಥಗಳನ್ನು ಬಿಟ್ಟು ಉಳಿದ ಪುಸ್ತಕಗಳ ಹಣದಲ್ಲಿ ನೂರಕ್ಕೆ 50ರಷ್ಟನ್ನು ಹಿಂದಿ ಪುಸ್ತಕಕ್ಕೇ ಖರ್ಚು ಮಾಡಬೇಕೆಂಬ ಗುರಿ ಅದರಲ್ಲಿದೆ. ಹಿಂದಿ ನಾಡಿಗೆ ಮಾತ್ರವಲ್ಲ, ಅವರ ಲೆಕ್ಕದಲ್ಲಿ ‘ಗ’ ಕ್ಷೇತ್ರ ಎನಿಸಿಕೊಂಡ ಕರ್ನಾಟಕಕ್ಕೂ ಅದೇ ಗುರಿ. ಮೈಸೂರಿನಲ್ಲಿ, ಕನ್ನಡದ ನೆಲದಲ್ಲಿ ನಿಂತಿರುವ ಕೇಂದ್ರ ಕಚೇರಿಯ ಗ್ರಂಥಾಲಯಕ್ಕೂ ಅದೇ. ಇದು ಸಂಗ್ರಹ ನೀತಿಯಲ್ಲದೆ ಮತ್ತೇನು ಸ್ವಾಮಿ? ಬರೆದಿಟ್ಟಿದ್ದಾರೆ, ಅಂಕಿ ಕೊಟ್ಟಿದ್ದಾರೆ, ವರದಿ ಕೇಳುತ್ತಾರೆ. ಅವರ ಉದ್ದೇಶವನ್ನು ವಿರೋಧಿಸೋಣ. ಆದರೆ ಅವರ ಜಾಣತನ ನಮಗೇಕೆ ಬರಲಿಲ್ಲ?

ಇನ್ನೊಂದು ಕೇಳಿ. 1954ರ ಕೇಂದ್ರ ಕಾಯ್ದೆಯಂತೆ ದೇಶದ ಯಾವುದೇ ಪ್ರಕಾಶಕ ತನ್ನ ಹೊಸ ಪುಸ್ತಕದ ಪ್ರತಿಯನ್ನು ತನ್ನದೇ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು. ಯಾವುವು? ಕಲ್ಕತ್ತ, ಮದ್ರಾಸು, ಮುಂಬಯಿ, ದೆಹಲಿ. ಕನ್ನಡದಲ್ಲಿ ಅಚ್ಚಾದ ಪುಸ್ತಕ ಕಲ್ಕತ್ತೆಗೆ ಹೋಗಬೇಕು, ಚೆನ್ನೈನ ಕನ್ನೆಮರಾಕ್ಕೆ ಹೋಗಬೇಕು. ಆ ಪಟ್ಟಿಯಲ್ಲಿ ಬೆಂಗಳೂರಿಲ್ಲ! ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪ್ರತಿ ಸೇರಬೇಕಾದರೆ ನಮ್ಮ ರಾಜ್ಯವೇ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. ನಮ್ಮ ಪುಸ್ತಕವನ್ನು ನಾವೇ ಕಾಪಾಡಿಕೊಳ್ಳದಿದ್ದರೆ ಬೇರೆಯವರು ಕಾಪಾಡಿಯಾರೆಂದು ಕಾಯುವುದು ಎಂಥ ಬುದ್ಧಿ?

ಪಕ್ಕದ ಕೇರಳವನ್ನು ನೋಡಿ. 1945ರಲ್ಲಿ ಪಿ. ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಚಳವಳಿ ಅದು. ಅಲ್ಲಿ ಊರ ಗ್ರಂಥಾಲಯ ಊರ ಜನರದ್ದು. ಆಡಳಿತ ಚುನಾಯಿತ ಸಮಿತಿಯದ್ದು. ಜಿಲ್ಲಾ ಪುಸ್ತಕ ಮೇಳಕ್ಕೆ ಗ್ರಂಥಾಲಯದ ಪ್ರತಿನಿಧಿಗಳೇ ಅನುದಾನದ ಹಣದೊಂದಿಗೆ ಬರುತ್ತಾರೆ, ಪುಸ್ತಕ ತಿರುವಿ ನೋಡುತ್ತಾರೆ, ಆರಿಸಿ ಕೊಂಡೊಯ್ಯುತ್ತಾರೆ. ಅಂದರೆ ನಮ್ಮ ರೈತ ಮುಡುಕುತೊರೆಯಲ್ಲಿ ಮಾಡುವುದನ್ನೇ ಅವರು ಪುಸ್ತಕಕ್ಕೆ ಮಾಡಿದ್ದಾರೆ. ಅಷ್ಟೇ!

ಮುಡುಕುತೊರೆಯ ಕಪಾಟಿನಲ್ಲಿ ಏನಿರಬೇಕು?

ನೀತಿ ಎಂದರೆ ಆಕಾಶದಿಂದ ಇಳಿಯುವ ವಸ್ತುವಲ್ಲ. ಈ ಊರಿಗೆ ಇವು ಬೇಕು, ಇವು ಬೇಡ, ಯಾಕೆಂದರೆ ಹೀಗೆ ಎಂದು ಬರೆದ ನಾಲ್ಕು ಹಾಳೆ. ಬನ್ನಿ, ಮುಡುಕುತೊರೆಯ ಸುತ್ತಲಿನ ಸೀಮೆಗೆ ನಾವೇ ಬರೆಯೋಣ.

ಕಾವೇರಿ ಮುಡುಕಿಕೊಂಡು ಹರಿಯುವ ಜಾಗ ಇದು. ಬೆಟ್ಟದ ಮೇಲೆ ಮಲ್ಲಿಕಾರ್ಜುನ, ಪಂಚಲಿಂಗಗಳಲ್ಲಿ ಒಂದು. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ನಡೆಯಿತು. ಪಕ್ಕದಲ್ಲೇ ತಲಕಾಡು, ಗಂಗರ ರಾಜಧಾನಿ. ಚೋಳರನ್ನು ಸೋಲಿಸಿ ತಲಕಾಡುಗೊಂಡ ಎನಿಸಿಕೊಂಡ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಅಲ್ಲಿದೆ. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ 1894ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಚ್ಚು ಮಾಡಿಸಿದ. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಮತ್ತೆ ತಂದಿತು. ತನ್ನ ಊರಿನ ಕಲ್ಲಿನ ಮೇಲೆ ಏನು ಬರೆದಿದೆ ಎಂದು ತಿಳಿಯಲು ಇಲ್ಲಿನ ಹುಡುಗ ಮೈಸೂರಿಗೆ ಬಸ್ಸು ಹತ್ತಬೇಕೇ? ಮೊದಲ ಪುಸ್ತಕ ಅದು.

ತಲಕಾಡು ಮರಳಾದ ಕಥೆ ಎಲ್ಲರಿಗೂ ಗೊತ್ತು. ಅಲಮೇಲಮ್ಮನ ಶಾಪ! ಆ ಕಥೆ ಇರಲಿ, ಅದು ನಮ್ಮದೇ. ಜೊತೆಗೆ ಹೊಳೆಯ ತಿರುವು, ಗಾಳಿ, ಮಾಧವಮಂತ್ರಿ ಅಣೆಕಟ್ಟೆ ಇವುಗಳಿಂದ ಮರಳು ಹೇಗೆ ಗುಡ್ಡೆಯಾಯಿತು ಎಂದು ವಿವರಿಸುವ ಬರಹವೂ ಪಕ್ಕದಲ್ಲೇ ಇರಲಿ. ಎರಡನ್ನೂ ಓದಿದ ಹುಡುಗಿ ತಾನೇ ಯೋಚಿಸುತ್ತಾಳೆ. ಗ್ರಂಥಾಲಯದ ಕೆಲಸ ಅಷ್ಟೇ.

ಕಾವೇರಿ ನೀರಿನ ಜಗಳದಲ್ಲಿ ನಾವು ಬಸ್ಸು ನಿಲ್ಲಿಸುತ್ತೇವೆ, ಬಂದ್ ಮಾಡುತ್ತೇವೆ. 1892 ಮತ್ತು 1924ರ ಒಪ್ಪಂದಗಳಲ್ಲಿ ಏನಿತ್ತು? 1990ರಲ್ಲಿ ರಚನೆಯಾದ ನ್ಯಾಯಮಂಡಳಿ 2007ರಲ್ಲಿ ಏನು ಹೇಳಿತು? 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತಮಿಳುನಾಡಿಗೆ ಬಿಡಬೇಕಾದ ನೀರನ್ನು 192 ಟಿಎಂಸಿಯಿಂದ 177.25ಕ್ಕೆ ಇಳಿಸಿದ್ದು ಯಾವ ಕಾರಣ ಕೊಟ್ಟು? ಹೊಳೆಯ ದಂಡೆಯಲ್ಲೇ ಗದ್ದೆ ಮಾಡುವವನಿಗೆ ಇದು ಕನ್ನಡದಲ್ಲಿ, ತನ್ನ ಊರಿನಲ್ಲೇ ಓದಲು ಸಿಗಬೇಕು. ಘೋಷಣೆ ಕೂಗುವವನ ಕೈಯಲ್ಲಿ ತೀರ್ಪಿನ ಕನ್ನಡ ಪ್ರತಿ ಇದ್ದರೆ ಘೋಷಣೆಗೆ ತೂಕ ಬರುತ್ತದೆ. ಇಲ್ಲದಿದ್ದರೆ ಪುಢಾರಿ ಹೇಳಿದ್ದೇ ಸತ್ಯ.

ಮುಂದೆ, ಮಾದೇಶ್ವರನ ಕಥೆ, ಮಂಟೇಸ್ವಾಮಿಯ ಕಥೆ. ದೇವರಗುಡ್ಡರು, ನೀಲಗಾರರು ರಾತ್ರಿಯಿಡೀ ಹಾಡುವ ಮಹಾಕಾವ್ಯಗಳು ಅಚ್ಚಾಗಿವೆ. ಹಾಡಿದವರ ಮೊಮ್ಮಕ್ಕಳ ಕೈಗೆ ಅವು ಸೇರಬೇಕು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಈ ಸೀಮೆಯ ಕೇರಿಯ ಮಾತೇ ಅದರ ಭಾಷೆ. ಬೆಂಗಳೂರಿನ ಓದುಗ ಅರ್ಥವಾಗಲಿಲ್ಲ ಎಂದು ಗೊಣಗಿದ ಪುಸ್ತಕ ಇಲ್ಲಿನ ಅಜ್ಜಿಗೆ ಓದಿ ಹೇಳಿದರೆ ನೀರು ಕುಡಿದಂತೆ ತಿಳಿಯುತ್ತದೆ! ನಿಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಅದು ಇದೆಯೇ? ಇದ್ದರೆ ಎಷ್ಟು ಪ್ರತಿ? ಕೇಳಿ.

ಬದನವಾಳು ಸಹ ಇದೇ ನಂಜನಗೂಡು ತಾಲ್ಲೂಕು. ಗಾಂಧಿ ಬಂದ ಖಾದಿಯ ಊರು ಎಂದು ಹೆಮ್ಮೆಯಿಂದ ಹೇಳುತ್ತೇವೆ. 1993ರಲ್ಲಿ ಅಲ್ಲಿ ಮೂವರು ದಲಿತರ ಕೊಲೆಯಾಯಿತು ಎಂಬುದನ್ನು ಮೆಲ್ಲಗೆ ಹೇಳುತ್ತೇವೆ. ಊರ ಗ್ರಂಥಾಲಯದಲ್ಲಿ ಎರಡೂ ಇರಬೇಕು. ಚರಕವೂ, ರಕ್ತವೂ. ಹೊಗಳಿಕೆಯನ್ನಷ್ಟೇ ಇಟ್ಟುಕೊಂಡರೆ ಅದು ಗ್ರಂಥಾಲಯವಲ್ಲ, ಸನ್ಮಾನ ಪತ್ರ.

ಇದಲ್ಲದೆ ರೇಷ್ಮೆ, ಭತ್ತ, ಕಬ್ಬು, ದನದ ರೋಗ ಇವುಗಳ ಬಗ್ಗೆ ಕನ್ನಡದಲ್ಲೇ ಹೊಸ ಪುಸ್ತಕ. ಪಿಯುಸಿ ಓದುವವರಿಗೆ ವಿಜ್ಞಾನ. ಮಕ್ಕಳಿಗೆ ಬಣ್ಣದ ಪುಸ್ತಕ. ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಶಾಲೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ಹಳೆಯ ವರದಿ. ಇವುಗಳನ್ನು ಜಗತ್ತಿನ ಯಾವ ಗ್ರಂಥಾಲಯವೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಈ ಊರಿನದ್ದೇ ಇಟ್ಟುಕೊಳ್ಳಬೇಕು.

ಓಲೆಗರಿ ಎಸೆಯದ ಗ್ರಂಥಪಾಲಕ

ಹಳೆಯ ಕಾಗದ ಇಟ್ಟುಕೊಂಡು ಏನು ಪ್ರಯೋಜನ ಎನ್ನುವವರಿಗೆ ಮೈಸೂರಿನ ಕಥೆಯೇ ಸಾಕು. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಅದರ ನೀತಿ ಸರಳ: ಓಲೆಗರಿ ಎಲ್ಲಿ ಸಿಕ್ಕರೂ ತಂದು ಕಾಪಾಡು, ಓದಿ ಪಟ್ಟಿ ಮಾಡು. ತಂಜಾವೂರಿನ ಪಂಡಿತನೊಬ್ಬ ಒಪ್ಪಿಸಿದ ಒಂದು ಕಟ್ಟನ್ನು 1905ರಲ್ಲಿ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಭಾರತದ ಚರಿತ್ರೆಯನ್ನೇ ವಿದ್ವಾಂಸರು ಹೊಸದಾಗಿ ಬರೆಯಬೇಕಾಯಿತು. ಗ್ರಂಥಾಲಯಕ್ಕೆ ಏನು ತರಬೇಕೆಂಬ ಸ್ಪಷ್ಟ ನಿಲುವು ಇದ್ದದ್ದರಿಂದ, ತಂದದ್ದನ್ನು ಓದುವ ಗ್ರಂಥಪಾಲಕ ಇದ್ದದ್ದರಿಂದ ಇದು ಆಯಿತು. ಇಂದು ನಮ್ಮ ಹಳ್ಳಿಯ ಗ್ರಂಥಪಾಲಕರಿಗೆ ಪುಸ್ತಕ ಆರಿಸುವ ಅಧಿಕಾರ ಎಷ್ಟಿದೆ? ಬಾಗಿಲು ತೆಗೆ, ಪೇಪರು ಹಾಕು, ಬಾಗಿಲು ಹಾಕು. ಇಷ್ಟೇ ಕೆಲಸವೆಂದರೆ ಅದು ಗ್ರಂಥಪಾಲನೆ ಅಲ್ಲ, ಬೀಗಪಾಲನೆ.

ದಾನದ ಹೆಸರಿನಲ್ಲಿ ರದ್ದಿ

2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಆರಂಭವಾಯಿತು. ಲಕ್ಷಾಂತರ ಮಕ್ಕಳು ಸದಸ್ಯರಾದರು. ಒಳ್ಳೆಯ ಕೆಲಸ, ಶಹಬ್ಬಾಸ್ ಎನ್ನೋಣ. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಚಂದದ ಹೆಸರೂ ಬಂದಿದೆ. ಆದರೆ ಹೆಸರು ಬದಲಾದ ಮಾತ್ರಕ್ಕೆ ಕಪಾಟು ಬದಲಾಗುವುದಿಲ್ಲ. ಪುಸ್ತಕ ದಾನ ಮಾಡಿ ಎಂದಾಗ ಪಟ್ಟಣದವರು ಏನು ಕೊಡುತ್ತಾರೆ? ಹತ್ತು ವರ್ಷ ಹಳೆಯ ಸಿಇಟಿ ಗೈಡು, ಸಿಲಬಸ್ ಬದಲಾದ ಪಠ್ಯಪುಸ್ತಕ, ಮಗುವಿನ ಕಾನ್ವೆಂಟ್ ಶಾಲೆಯ ಇಂಗ್ಲಿಷ್ ರೀಡರು. ಮನೆ ಖಾಲಿ ಮಾಡಿದ್ದು ಪುಣ್ಯದ ಲೆಕ್ಕಕ್ಕೆ! ಬೇಡ ಎನ್ನುವ ಧೈರ್ಯ ಗ್ರಂಥಪಾಲಕರಿಗೆ ಬರಬೇಕಾದರೆ ಕೈಯಲ್ಲಿ ಬರೆದ ನೀತಿ ಇರಬೇಕು.

ಮೈಸೂರಿನ ರಾಜೀವ್ ನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕ 2011ರಿಂದ ತನ್ನ ದುಡಿಮೆಯಲ್ಲಿ ಗ್ರಂಥಾಲಯ ನಡೆಸಿದರು. ಅಲ್ಲಿದ್ದದ್ದು ಬಹುಪಾಲು ಕನ್ನಡ. 2021ರ ಏಪ್ರಿಲ್ 9ರ ಬೆಳಗಿನ ಜಾವ ಸುಮಾರು 11,000 ಪುಸ್ತಕ ಬೆಂಕಿಗೆ ಬಿದ್ದವು. ಕನ್ನಡದ ಜನ ಮರುಗಿದರು, ನೆರವು ಹರಿಯಿತು. ಅತ್ತ ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಒಂದು ಕಾಲದ ಬಸ್ ಕಂಡಕ್ಟರ್ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿದ್ದಾರೆ. ಕೂಲಿಯವನಿಗೂ ಕಂಡಕ್ಟರಿಗೂ ತಾವು ಏನನ್ನು, ಯಾರಿಗಾಗಿ ಸಂಗ್ರಹಿಸುತ್ತಿದ್ದೇವೆ ಎಂದು ಗೊತ್ತಿತ್ತು. ಕಾಯ್ದೆ, ಕರ, ಇಲಾಖೆ, ಸಮಿತಿ ಎಲ್ಲ ಇಟ್ಟುಕೊಂಡ ಸರ್ಕಾರಕ್ಕೆ ಗೊತ್ತಿಲ್ಲವೇ?

ಚಳವಳಿಯ ಗೆಳೆಯರಿಗೆ ಎರಡು ಮಾತು

ಕನ್ನಡದಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ಪುಸ್ತಕ ಒಳ್ಳೆಯದಾಗುವುದಿಲ್ಲ. ಕಳಪೆ ಕನ್ನಡ ಪುಸ್ತಕ ಕನ್ನಡದ ಶತ್ರು. ಅದನ್ನು ಓದಿದ ಹುಡುಗ ಕನ್ನಡದಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸಿ ಎದ್ದು ಹೋಗುತ್ತಾನೆ. ಅವನು ಮತ್ತೆ ಬರುವುದಿಲ್ಲ.

ಕನ್ನಡಕ್ಕೆ ಮೊದಲ ಜಾಗ, ದೊಡ್ಡ ಪಾಲು ಕೇಳೋಣ. ಆದರೆ ಊರಿನಲ್ಲಿ ಉರ್ದು ಓದುವ ಮಗುವಿದ್ದರೆ ಅದಕ್ಕೂ ಒಂದು ಸಾಲು ಇರಲಿ. ಕಾಸರಗೋಡಿನ ಕನ್ನಡ ಮಗುವಿಗೆ ಕನ್ನಡ ಪುಸ್ತಕ ಕೊಡಿ ಎಂದು ಕೇರಳವನ್ನು ಕೇಳುವವರು ನಾವು. ಆ ನ್ಯಾಯ ಇಲ್ಲಿಯೂ ನ್ಯಾಯವೇ.

ಮೂರನೆಯದು ಖಾರವಾದದ್ದು. ನಮಗೆ ಹಿಡಿಸದ ಪುಸ್ತಕ ಕಪಾಟಿನಿಂದ ತೆಗೆಯಿರಿ ಎಂದು ಗುಂಪು ಕಟ್ಟಿಕೊಂಡು ಹೋಗುವ ಚಾಳಿ ಈ ನಾಡಿನಲ್ಲಿ ಎಲ್ಲ ಬಣ್ಣದವರಿಗೂ ಇದೆ. ನೀತಿ ಬಂದರೆ ಸೆನ್ಸಾರ್ ಬರುತ್ತದೆ ಎಂದು ಹೆದರುವವರು ಇದನ್ನು ತಿಳಿಯಲಿ: ಸೆನ್ಸಾರ್ ಬರುವುದು ನೀತಿ ಇಲ್ಲದ ಕಡೆ. ಬಾಯಿಮಾತಿನ ಆಡಳಿತದಲ್ಲಿ ಒಂದು ಫೋನು ಸಾಕು, ಪುಸ್ತಕ ಮಾಯ. ಆಕ್ಷೇಪ ಇದ್ದವರು ಇಡೀ ಪುಸ್ತಕ ಓದಿ ಲಿಖಿತವಾಗಿ ಕೊಡಬೇಕು, ಸಮಿತಿ ಕಾರಣ ಬರೆದು ತೀರ್ಮಾನಿಸಬೇಕು, ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು ಎಂದು ಬರೆದಿಟ್ಟರೆ ಬಡ ಗ್ರಂಥಪಾಲಕರಿಗೆ ಅದೇ ಗುರಾಣಿ.

ನಮ್ಮ ಹಕ್ಕೊತ್ತಾಯ

1. ಪ್ರತಿ ಗ್ರಂಥಾಲಯಕ್ಕೂ ಸರಳ ಕನ್ನಡದಲ್ಲಿ ಬರೆದ ಸಂಗ್ರಹ ನೀತಿ ಇರಬೇಕು. ಅದನ್ನು ಬಾಗಿಲ ಬಳಿ ತೂಗುಹಾಕಬೇಕು.

2. ಪುಸ್ತಕದ ಹಣದಲ್ಲಿ ಕನ್ನಡದ ಪಾಲು, ಮಕ್ಕಳ ಪುಸ್ತಕದ ಪಾಲು, ಊರಿನ ಚರಿತ್ರೆಯ ಪಾಲು ಎಷ್ಟೆಂದು ಅಂಕಿಯಲ್ಲಿ ಬರೆಯಬೇಕು.

3. ಹಣದ ಒಂದು ಭಾಗವನ್ನು ಊರಿನ ಓದುಗರು ಮತ್ತು ಗ್ರಂಥಪಾಲಕರೇ ಮಳಿಗೆಗೆ, ಮೇಳಕ್ಕೆ ಹೋಗಿ ಆರಿಸಿ ಖರ್ಚು ಮಾಡುವಂತಾಗಬೇಕು.

4. ಪುಟದ ತಕ್ಕಡಿ ಎಸೆಯಬೇಕು. ಸಮಿತಿ ಆರಿಸಿದ ಮತ್ತು ತಿರಸ್ಕರಿಸಿದ ಪುಸ್ತಕಗಳ ಪಟ್ಟಿ ಕಾರಣ ಸಮೇತ ಪ್ರಕಟವಾಗಬೇಕು.

5. ಓದುಗ ಕೇಳಿದ ಪುಸ್ತಕಕ್ಕೆ ಒಂದು ವಹಿ. ತರಿಸದಿದ್ದರೆ ಯಾಕೆಂದು ಅದರಲ್ಲೇ ಉತ್ತರ.

6. ಯಾವ ದಾನ ತೆಗೆದುಕೊಳ್ಳಬೇಕು, ಯಾವ ಹಳೆಯ ಪುಸ್ತಕ ತೆಗೆದುಹಾಕಬೇಕು, ಯಾವುದನ್ನು ಎಂದಿಗೂ ತೆಗೆಯಬಾರದು ಎಂಬ ನಿಯಮ.

7. ವಸೂಲಾದ ಗ್ರಂಥಾಲಯ ಕರದ ಪೈಸೆ ಪೈಸೆಯೂ ಗ್ರಂಥಾಲಯಕ್ಕೆ.

ನಗರದ ಹುಡುಗ ಹುಡುಗಿಯರೇ, ಇದು ನಿಮ್ಮ ಕೆಲಸ. ಮಾಘ ಮಾಸದ ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋಗುತ್ತೀರಿ. ಅರ್ಧ ದಿನ ಗ್ರಂಥಾಲಯಕ್ಕೆ ಹೋಗಿ. ಕಪಾಟಿನಲ್ಲಿ ಏನಿದೆ ಎಂದು ಪಟ್ಟಿ ಮಾಡಿ. ಏನಿಲ್ಲ ಎಂಬುದನ್ನೂ ಪಟ್ಟಿ ಮಾಡಿ, ಅದೇ ಮುಖ್ಯ. ಹತ್ತು ರೂಪಾಯಿ ಶುಲ್ಕ ಕಟ್ಟಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ: ಈ ವರ್ಷ ಎಷ್ಟು ಕರ ಬಂತು, ಯಾವ ಪುಸ್ತಕ ಬಂತು, ಯಾರು ಆರಿಸಿದರು? ಉತ್ತರ ಹಿಡಿದು ಗ್ರಾಮಸಭೆಯಲ್ಲಿ ನಿಲ್ಲಿ. ನಿಮ್ಮ ಅಜ್ಜ ಮಾತಾಡಲು ಹಿಂಜರಿಯಬಹುದು. ನಿಮಗೇನು ಧಾಡಿ?

ಬೆಂಗಳೂರಿನಲ್ಲೇ ಹುಟ್ಟಿದವರು ನಿಮ್ಮ ವಾರ್ಡಿನ ಗ್ರಂಥಾಲಯದಿಂದ ಆರಂಭಿಸಿ. ಸದಸ್ಯರಾಗದೆ ಬೈಯುವ ಹಕ್ಕು ಯಾರಿಗೂ ಇಲ್ಲ. ಮೊದಲು ಕಾರ್ಡು ಮಾಡಿಸಿ, ಆಮೇಲೆ ಜಗಳಕ್ಕೆ ಬನ್ನಿ.

ಕರ ಕಟ್ಟಿದವರು ನಾವು. ಪಟ್ಟಿಯೂ ನಮ್ಮದಾಗಲಿ!